ದೊಡ್ಡಮ್ಮನ ಮಡಿ ಚಪ್ಪಲಿ

ಹವಾಯಿ ಚಪ್ಪಲಿಯನ್ನು ದಿನಾ ಬೆಳಿಗ್ಗೆ ಅರಿಶಿನದ ನೀರಿನಲ್ಲಿ ತೊಳೆದು, ಮಡಿಕೋಲಿನಿಂದ ಎತ್ತಿ, ಮಡಿ ಸೀರೆಯ ಪಕ್ಕದಲ್ಲೇ ಗಳದ ಮೇಲೆ ಒಣಹಾಕುವ ಹೆಂಗಸನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಾಣುವುದೇನು, ಅವಳು ಬಡಿಸಿದ ಅನ್ನ ತಿಂದುಕೊಂಡು ಅವಳ ಮನೆಯಲ್ಲೇ ವರ್ಷಗಟ್ಟಲೆ ಇದ್ದವಳು ನಾನು. ಅವಳು ನನ್ನ ದೊಡ್ಡಮ್ಮ, ನಮ್ಮಮ್ಮನ ಅಕ್ಕ. ಹುಚ್ಚು ಎನ್ನುತ್ತೀರಾ? ಅನ್ನಿ. ನಾನೂ ಅಂದಿದ್ದೆ. ಆದರೆ ಪೂರ್ತಿ ಕೇಳಿ ಆಮೇಲೆ ಅನ್ನಿ.

ಇದು ಎಂಬತ್ತರ ದಶಕದ ಮೊದಮೊದಲ ಮಾತು. ಆರ್.ಟಿ. ನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸೈಟಿನ ತುಂಬ ಎಕ್ಕದ ಗಿಡ, ಗಿಡಗಳ ನಡುವೆ ಎಮ್ಮೆ, ಎಮ್ಮೆಗಳ ನಡುವೆ ಹುಡುಗರ ಕ್ರಿಕೆಟ್ಟು. ನನಗೆ ಪೇಟೆಯ ಕಡೆ ಒಂದು ಕಂಪನಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ಹಾಸ್ಟೆಲ್ಲಿನಲ್ಲಿ ಇರುತ್ತೇನೆ ಅಂದದ್ದಕ್ಕೆ ದೊಡ್ಡಮ್ಮ, "ಹಾಸ್ಟೆಲ್ಲಲ್ಲಿ ಯಾರ್ಯಾರೋ ಮುಟ್ಟಿದ್ದನ್ನ ತಿಂತೀಯೇನೇ?" ಎಂದು ನನ್ನ ಟ್ರಂಕನ್ನು ಆಟೋದಲ್ಲಿ ಹಾಕಿಸಿಕೊಂಡು ಬಂದಿದ್ದಳು. ಟ್ರಂಕು ಒಳಗೆ ಬರುವ ಮುಂಚೆ ಅದಕ್ಕೆ ಸ್ನಾನವಾಯಿತು. ಆಮೇಲೆ ನನಗೆ.

ಅವಳ ಮಡಿ ಅಂಥದ್ದು. ಗ್ಯಾಸಿನ ಸಿಲಿಂಡರಿಗೂ ತಲೆಯ ಮೇಲೆ ಒಂದು ಚೆಂಬು ನೀರು ಬೀಳದೆ ಅಡುಗೆಮನೆಗೆ ಪ್ರವೇಶವಿರಲಿಲ್ಲ. ಹಾಲಿನ ಬಾಟಲಿ ತೊಳೆಯುವ ಮುಂಚೆ ನಲ್ಲಿಯನ್ನು ತೊಳೆಯುತ್ತಿದ್ದಳು. "ನಲ್ಲಿ ತೊಳೆಯೋಕೆ ಮುಂಚೆ ನೀರನ್ನ ತೊಳೀಬೇಡ್ವೇನೇ?" ಎಂದು ದೊಡ್ಡಪ್ಪ ಕೇಳಿದರೆ, "ಹೌದು ಕಣ್ರೀ, ಅದೊಂದಕ್ಕೇ ದಾರಿ ಗೊತ್ತಾಗ್ತಿಲ್ಲ" ಎಂದು ನಿಜವಾಗಿಯೂ ಚಿಂತೆ ಮಾಡುತ್ತಿದ್ದಳು!

ದೊಡ್ಡಪ್ಪ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರಾಗಿ ರಿಟೈರಾದವರು. ಸರ್ವೀಸು ಪೂರ್ತಿ ಮಕ್ಕಳಿಗೆ ವಿಜಯನಗರದ ವೈಭವ ಹೇಳಿದ್ದೇ ಹೇಳಿದ್ದು. ಹಂಪಿಯನ್ನು ಮಾತ್ರ ಒಂದು ಸಲವೂ ನೋಡಿರಲಿಲ್ಲ. ಸ್ಕೂಲಿನಿಂದ ಪ್ರವಾಸ ಹೊರಟಾಗಲೆಲ್ಲ ಮನೆಯಲ್ಲಿ ಯಾರಿಗಾದರೂ ಜ್ವರ, ಇಲ್ಲವೇ ಯಾರದಾದರೂ ಬಾಣಂತನ. ರಿಟೈರಾದ ಮೇಲೆ ನಿಧಾನವಾಗಿ ಹೋಗೋಣ ಎಂದುಕೊಂಡಿದ್ದರು. ರಿಟೈರಾದರು, ಕಣ್ಣು ಮಂಜಾಗತೊಡಗಿತು. ಗ್ಲಾಕೋಮಾ ಅಂದರು ಕಣ್ಣಿನ ಡಾಕ್ಟರು. ಹೋದ ದೃಷ್ಟಿ ಬರುವುದಿಲ್ಲ, ಇರುವುದು ಎಷ್ಟು ದಿನವೋ ಹೇಳಲಾಗುವುದಿಲ್ಲ, ನೋಡಬೇಕೆಂದಿರುವುದನ್ನು ಬೇಗ ನೋಡಿಬಿಡಿ ಎಂದರು. ಆಗಲೇ ಅವರಿಗೆ ಅಕ್ಕಪಕ್ಕದ್ದು ಏನೂ ಕಾಣುತ್ತಿರಲಿಲ್ಲ. ನೇರ ಎದುರಿಗಿರುವುದು ಮಾತ್ರ, ಒಲೆ ಊದುವ ಕೊಳವೆಯೊಳಗಿಂದ ನೋಡಿದ ಹಾಗೆ, ಒಂದಿಷ್ಟು ಕಾಣುತ್ತಿತ್ತು.

ಆಸ್ಪತ್ರೆಯಿಂದ ಬಂದ ದಿನ ದೊಡ್ಡಮ್ಮ ಅಳಲಿಲ್ಲ. ಕಾಲು ತೊಳೆದುಕೊಂಡು ಒಳಗೆ ಬಂದವಳೇ, "ಬರೋ ಕ್ರಿಸ್‌ಮಸ್ ರಜಕ್ಕೆ ಹಂಪಿ" ಎಂದು ಹೇಳಿ ಅಕ್ಕಿ ತೊಳೆಯಲು ಕೂತಳು.

ಆಮೇಲೆ ಒಂದು ತಿಂಗಳಿಗೆ ಅವಳ ಬಲಗಾಲಿನ ಹಿಮ್ಮಡಿಗೆ ನೋವು ಬಂತು.

ಹಿಮ್ಮಡಿ ನೋವು ಬಂದವರಿಗೇ ಗೊತ್ತು ಅದರ ಪಾಡು. ಬೆಳಿಗ್ಗೆ ಎದ್ದು ನೆಲಕ್ಕೆ ಮೊದಲ ಹೆಜ್ಜೆ ಇಟ್ಟರೆ ಯಾರೋ ಮೊಳೆ ಹೊಡೆದ ಹಾಗಾಗುತ್ತದಂತೆ. ದೊಡ್ಡಮ್ಮ ಆ ಒಂದು ಹೆಜ್ಜೆಗೆ ಮೂವತ್ತಮೂರು ಕೋಟಿ ದೇವರನ್ನೂ ಕರೆಯುತ್ತಿದ್ದಳು. ನನಗೆ ಅಲಾರಂ ಗಡಿಯಾರದ ಅವಶ್ಯಕತೆಯೇ ಇರಲಿಲ್ಲ. "ನರಸಿಂಹಾ!" ಎಂದು ಕೇಳಿಸಿದರೆ ನೋವು ಜೋರು, ನೀನು ಏಳು, ಕಾಫಿ ನೀನೇ ಮಾಡಬೇಕು ಎಂದರ್ಥ. "ಕೃಷ್ಣ ಕೃಷ್ಣ" ಎಂದರೆ ಇನ್ನೂ ಹತ್ತು ನಿಮಿಷ ಮಲಗಬಹುದು.

ಹಂಪಿ ಎಂದರೆ ಬರೀ ನಡಿಗೆ. ಬಂಡೆ, ಮೆಟ್ಟಿಲು, ಬಯಲು. ದೊಡ್ಡಪ್ಪ ನಡೆಯಬೇಕೆಂದರೆ ದೊಡ್ಡಮ್ಮನ ಎಡಭುಜದ ಮೇಲೆ ಕೈಯಿಟ್ಟೇ ನಡೆಯಬೇಕು. ನಾನು ಬರುತ್ತೇನಲ್ಲ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಒಂದು ದಿನ ಜಂಭ ಕೊಚ್ಚಿಕೊಂಡು ಅವರನ್ನು ಲೈಬ್ರರಿಗೆ ಹೊರಡಿಸಿದೆ. ರಸ್ತೆಯಲ್ಲಿ ನನ್ನ ಗೆಳತಿಯೊಬ್ಬಳು ಸಿಕ್ಕಿದಳು. ಎರಡು ಮಾತಾಡಿ ತಿರುಗಿ ನೋಡುತ್ತೇನೆ, ದೊಡ್ಡಪ್ಪ ಇಲ್ಲ! ನಿಂತಿದ್ದ ಆಟೋರಿಕ್ಷಾದೊಳಗೆ ಆರಾಮವಾಗಿ ಕೂತಿದ್ದಾರೆ. ಡ್ರೈವರು, "ಎಲ್ಲಿಗ್ ಸಾರ್ ಹೋಗ್ಬೇಕು?" ಎಂದು ಕೇಳುತ್ತಿದ್ದಾನೆ. ಇವರು, "ಏನಪ್ಪಾ, ಲೈಬ್ರರಿ ಬೆಂಚು ಇಷ್ಟು ಮೆತ್ತಗಾಗಿದ್ಯಲ್ಲ!" ಎನ್ನುತ್ತಿದ್ದಾರೆ. ಅಂದಿಗೆ ನನ್ನ ಸೇವೆ ಮುಗಿಯಿತು. ಹಂಪಿ ಆಗಬೇಕಾದರೆ ದೊಡ್ಡಮ್ಮನ ಕಾಲು ಆಗಬೇಕು. ಅದು ಮೂವರಿಗೂ ಗೊತ್ತಿತ್ತು.

ಮೊದಲು ಎಕ್ಕದ ಎಲೆಯ ಚಿಕಿತ್ಸೆ. ಇಟ್ಟಿಗೆಯನ್ನು ಕೆಂಡದಲ್ಲಿ ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಹರಡಿ, ಹಿಮ್ಮಡಿಯನ್ನು ಒತ್ತಿ ಹಿಡಿಯಬೇಕು. ಎಕ್ಕಕ್ಕೇನು ಬರ, ಮನೆಯ ಎದುರಿನ ಸೈಟೇ ಎಕ್ಕದ ತೋಟ. ಇಟ್ಟಿಗೆಯೂ ಪಕ್ಕದಲ್ಲಿ ಮನೆ ಕಟ್ಟುತ್ತಿದ್ದವರಿಂದ ಬಂತು. ಬಂದ ಇಟ್ಟಿಗೆಯನ್ನು ದೊಡ್ಡಮ್ಮ ಏನು ಮಾಡಿದಳು? ತೊಳೆದಳು. ಸೀಗೆಪುಡಿ ಹಾಕಿ ಉಜ್ಜಿ ತೊಳೆದಳು. ನೀರು ಕುಡಿದ ಇಟ್ಟಿಗೆ ಕೆಂಡದ ಮೇಲೆ ಬುಸ್ ಎಂದು ಹೊಗೆಯಾಡಿ ಪಟಾರನೆ ಎರಡಾಯಿತು. "ನೋಡಿದ್ರಾ, ಒಳಗೆ ಎಷ್ಟು ಮೈಲಿಗೆ ಇತ್ತು!" ಎಂದಳು.

ಎರಡನೆಯ ಇಟ್ಟಿಗೆಯನ್ನು ಬಿಸಿಲಿನಲ್ಲಿ ಒಣಗಿಸಿ ಕಾಯಿಸಿದೆವು. ಶಾಖಕ್ಕೆ ಹಿತವಾಗಿ ರಾತ್ರಿ ನಿದ್ದೆ ಬರುತ್ತಿತ್ತು. ಬೆಳಿಗ್ಗೆ ಮತ್ತೆ ನರಸಿಂಹ.

ಕೊನೆಗೆ ಗಂಗಾನಗರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಾದ, ಶಾಂತ ಸ್ವಭಾವದ ಡಾಕ್ಟರು. ಹಂಪಿಯ ವಿಷಯವನ್ನೂ ಕೇಳಿಕೊಂಡು, ಹಿಮ್ಮಡಿಯನ್ನು ಒತ್ತಿ ನೋಡಿ, "ಮನೇಲಿ ನೆಲ ಏನಮ್ಮಾ?" ಎಂದರು.

"ಮೊಸಾಯಿಕ್ಕು."

"ದಿನಾ ಎಷ್ಟೊತ್ತು ನಿಂತಿರ್ತೀರಿ?"

"ಮಲಗೋವರ್ಗೂ."

"ಬರಿಗಾಲಲ್ಲಾ?"

"ಮತ್ತೆ? ಅಡುಗೆಮನೇಲಿ ಬೂಟ್ಸ್ ಹಾಕ್ಕೋಬೇಕಾ?"

"ಬೂಟ್ಸ್ ಬೇಡಮ್ಮಾ. ಮೆತ್ತಗಿರೋ ಹವಾಯಿ ಚಪ್ಪಲಿ ಸಾಕು. ಬೆಳಿಗ್ಗೆ ಹಾಸಿಗೆಯಿಂದ ಇಳಿಯೋದೇ ಚಪ್ಪಲಿ ಮೇಲೆ. ಬರಿಗಾಲು ನೆಲಕ್ಕೆ ತಾಗಲೇಬಾರದು. ಅಡುಗೆಮನೇಲೂ ಅಷ್ಟೆ. ಹಂಗಿದ್ರೆ ಹಂಪಿ. ಇಲ್ದಿದ್ರೆ ಇಲ್ಲ."

ಮೊಟ್ಟೆ ತಿನ್ನಿ ಎಂದಿದ್ದರೂ ಅವಳ ಮುಖ ಅಷ್ಟು ಬಿಳಿಚಿಕೊಳ್ಳುತ್ತಿರಲಿಲ್ಲ! ಅಡುಗೆಮನೆಗೆ ಚಪ್ಪಲಿಯೇ? ಅವಳ ಪ್ರಪಂಚದಲ್ಲಿ ಚಪ್ಪಲಿಯ ಜಾಗ ಗೇಟಿನ ಪಕ್ಕ, ತುಳಸಿಕಟ್ಟೆಗೆ ಕಾಣದ ಹಾಗೆ.  ಎರಡು ದಿನ ಅದೇ ಯೋಚನೆ. ಒಂದು ಕಡೆ ಅವಳ ತಾಯಿ, ಅಜ್ಜಿ, ಮುತ್ತಜ್ಜಿ ಎಲ್ಲರೂ ಕಾಪಾಡಿಕೊಂಡು ಬಂದ ಮಡಿ. ಇನ್ನೊಂದು ಕಡೆ ಗಂಡನ ಕಣ್ಣು. ಮೂರನೆಯ ದಿನ ಮಧ್ಯಾಹ್ನ ಹುಳಿಗೆ ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದುಕೊಂಡೇ ನಡುಮನೆಗೆ ಬಂದು ಕೇಳಿದಳು.

"ರೀ, ಚರ್ಮ ಮೈಲಿಗೆ. ಸರಿ. ಈ ರಬ್ಬರು ಯಾವುದರಿಂದ ಮಾಡ್ತಾರೆ?"

"ಮರದ ಹಾಲಿಂದ ಕಣೇ. ಗೀರಿದ್ರೆ ಸುರಿಯುತ್ತೆ. ಅದನ್ನ ಗಟ್ಟಿ ಮಾಡ್ತಾರೆ."

"ಸಾಂಬ್ರಾಣೀನೂ ಹಂಗೇ ಅಲ್ವಾ?"

"ಅದೂ ಮರದ್ದೇ."

"ಹಂಗಾದ್ರೆ ಸರಿ" ಎಂದು ಸೌಟಿನ ಸಮೇತ ಒಳಗೆ ಹೋದಳು. ಹವಾಯಿ ಚಪ್ಪಲಿ ಸಾಂಬ್ರಾಣಿಯ ದಾಯಾದಿ ಎಂಬ ಶಾಸ್ತ್ರ ನಮ್ಮ ಮನೆಯಲ್ಲಿ ಸ್ಥಾಪನೆಯಾದದ್ದು ಹೀಗೆ.

ಶಾಸ್ತ್ರವೇನೋ ಆಯಿತು, ಖರೀದಿಯಾಗಬೇಕಲ್ಲ! ಯಾರೂ ಕಾಲಿಟ್ಟು ನೋಡಿರದ, ನೆಲ ಮುಟ್ಟಿರದ ಜೋಡಿಯೇ ಬೇಕು. ಇವಳೂ ಅಂಗಡಿಯಲ್ಲಿ ಹಾಕಿ ನೋಡುವ ಹಾಗಿಲ್ಲ. ಬೀದಿ ಕಾಲು! ಪಾದದ ಅಳತೆಯನ್ನು ಪೊರಕೆಕಡ್ಡಿಯಲ್ಲಿ ಮುರಿದುಕೊಂಡು ಯಶವಂತಪುರಕ್ಕೆ ಹೋದೆವು. ಅಂಗಡಿಯವನು ಮಹಾ ತಾಳ್ಮೆಯವನು. ಅಟ್ಟದ ಮೇಲಿಂದ ಪೆಟ್ಟಿಗೆ ಇಳಿಸಿ, ಹೊಸ ಪೇಪರಿನ ಮೇಲೆ ಇಟ್ಟು, ಕಡ್ಡಿ ಹಿಡಿದು ಅಳೆದ. "ಯಾರಿಗಮ್ಮಾ ಇದು, ಊರಲ್ಲಿರೋರಿಗಾ?" ಎಂದು ಕೇಳಿದ.

"ಅಡುಗೆಮನೇಲಿರೋರಿಗೆ" ಎಂದಳು ದೊಡ್ಡಮ್ಮ. ಅವನು ಎರಡು ಜೋಡಿ ಕಟ್ಟಿಕೊಟ್ಟ.

ನೀಲಿ ಬಾರಿನದು ಅಡುಗೆಮನೆಗೆ, ಹಸಿರು ಬಾರಿನದು ನಡುಮನೆಗೆ ಮತ್ತು ಹಾಸಿಗೆಯ ಪಕ್ಕಕ್ಕೆ. ದೇವರ ಮನೆಯಲ್ಲಿ ಮಾತ್ರ ಚಪ್ಪಲಿಯಿಲ್ಲ, ಕಾಲ ಕೆಳಗೆ ಮಡಿಸಿದ ಹಳೆಯ ಉಣ್ಣೆಯ ಧಾಬಳಿ. ನೀಲಿಗೆ ದಿನವೂ ಅರಿಶಿನದ ಸ್ನಾನ, ಗಳದ ಮೇಲೆ ವಾಸ, ಅದು ಒಣಗುವ ತನಕ ಅಡುಗೆಮನೆಗೂ ಧಾಬಳಿಯೇ. ಹಸಿರಿನವರು ನೀಲಿಯವರನ್ನು ಮುಟ್ಟಕೂಡದು. ಅಡುಗೆಮನೆಯ ಹೊಸ್ತಿಲಲ್ಲಿ ಹಸಿರಿನಿಂದ ನೀಲಿಗೆ ದಾಟುವಾಗ ಬರಿಗಾಲು ನೆಲಕ್ಕೆ ತಾಗದಂತೆ ಅವಳು ಬಾಗಿಲ ಚೌಕಟ್ಟು ಹಿಡಿದು ಮಾಡುತ್ತಿದ್ದ ಸರ್ಕಸ್ಸಿಗೆ ಟಿಕೆಟ್ ಇಟ್ಟಿದ್ದರೆ ಬೀದಿಯವರೆಲ್ಲ ಬರುತ್ತಿದ್ದರು.

ಒಂದು ಬೆಳಿಗ್ಗೆ ದೊಡ್ಡಪ್ಪ ಗಳದ ಕೆಳಗೆ ಪೇಪರು ಹಿಡಿದು ಕೂತಿದ್ದರು. ಗಾಳಿಗೋ ಏನೋ ನೀಲಿ ಚಪ್ಪಲಿಯೊಂದು ಜಾರಿ ಸರಿಯಾಗಿ ಅವರ ಬೋಳು ತಲೆಯ ಮೇಲೆ ಬಿತ್ತು.  ಎಷ್ಟಾದರೂ ಹೆಂಡತಿಯ ಚಪ್ಪಲಿ ಗಂಡನ ತಲೆಯ ಮೇಲೆ! ದೊಡ್ಡಮ್ಮ ಒಳಗಿನಿಂದ ಓಡಿಬಂದು ಕಣ್ಣು ಕಣ್ಣು ಬಿಟ್ಟಳು. ಇನ್ನೇನು ಕಾಲಿಗೆ ಬಿದ್ದು ಕ್ಷಮೆ ಕೇಳುತ್ತಾಳೆ ಎಂದುಕೊಂಡೆ.

"ಸ್ನಾನ ಆಗಿದೆಯೇನ್ರೀ ನಿಮ್ದು?"

"ಇಲ್ವಲ್ಲೇ."

"ಅಯ್ಯೋ, ಮುಟ್ಟೇಬಿಟ್ರಲ್ಲ ಚಪ್ಪಲೀನ! ಇನ್ನೊಂದ್ಸಲ ತೊಳೀಬೇಕು ಈಗ" ಎಂದು ಗೊಣಗುತ್ತ ಕೋಲಿನಿಂದ ಅದನ್ನು ಎತ್ತಿಕೊಂಡು ಹೋದಳು. ದೊಡ್ಡಪ್ಪ ತಲೆ ಸವರಿಕೊಳ್ಳುತ್ತ ಪೇಪರು ಮಡಿಸಿಟ್ಟರು.

ಇನ್ನೊಂದು ದಿನ ದೊಡ್ಡಪ್ಪನ ಚಿಕ್ಕಪ್ಪನ ಮಗಳು ತುಮಕೂರಿನಿಂದ ಬಂದರು. ಮಹಾ ದೈವಭಕ್ತೆ. ಮಳೆ ಬರುವ ಹಾಗಿತ್ತೆಂದು ನೀಲಿ ಜೋಡಿಯನ್ನು ಆ ದಿನ ದೇವರ ಮನೆಯ ಹೊರಗೆ ಮಣೆಯ ಮೇಲೆ ಒಣಗಲು ಇಟ್ಟಿದ್ದಳು ದೊಡ್ಡಮ್ಮ. ಮೈಯೆಲ್ಲ ಅರಿಶಿನ. ಸಾಲದ್ದಕ್ಕೆ ಹೂವಿನ ಬುಟ್ಟಿಯಿಂದ ಎರಡು ಕಣಗಿಲೆ ಜಾರಿ ಅದರ ಮೇಲೆ ಬಿದ್ದಿದ್ದವು. ಆಕೆ ಬಂದರು, ನೋಡಿದರು, ಸೆರಗು ಹೊದ್ದು ದೊಪ್ಪನೆ ಅಡ್ಡಬಿದ್ದರು! ಕಣ್ಣಿಗೊತ್ತಿಕೊಂಡು ಎದ್ದು, "ಎಂಥಾ ಕಳೆ! ಯಾವ ಗುರುಗಳ ಪಾದುಕೆ ಅಣ್ಣಾ ಇದು?" ಎಂದು ಕೇಳಿದರು.

ದೊಡ್ಡಪ್ಪ ಒಂದು ಚೂರೂ ನಗದೆ, "ಈ ಮನೆಗೆ ಇರೋ ಗುರುಗಳು ಒಬ್ರೇ ಕಣಮ್ಮ. ಈಗ ಹುಳಿ ಕುದಿಸ್ತಿದಾರೆ" ಎಂದರು.

ಆಕೆಗೆ ಅದು ಅರ್ಥವಾಗಲಿಲ್ಲ. ಪಾದುಕೆ ತೊಳೆದ ನೀರು ಒಂದು ಲೋಟ ಕೊಟ್ಟರೆ ಊರಿಗೆ ಒಯ್ಯುತ್ತೇನೆ ಎಂದು ಹಟ ಹಿಡಿದರು. ದೊಡ್ಡಮ್ಮ ಹಿಮ್ಮಡಿಯನ್ನೂ ಮರೆತು ಹಾರಿಬಂದು ಚಪ್ಪಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಿದ್ದನ್ನು ನೀವು ನೋಡಬೇಕಿತ್ತು.

ನಗಬೇಡಿ, ನೋವು ಇಳಿಯಿತು! ಬೆಳಗಿನ ನರಸಿಂಹ ಕೃಷ್ಣನಾದ, ಕೃಷ್ಣ ಬರೀ "ಉಸ್ಸಪ್ಪ" ಆದ. ಇವಳಿಗೆ ಧೈರ್ಯ ಬಂತು. ಅಭ್ಯಾಸ ಬೇಕೆಂದು ಸಂಜೆ ಹೆಬ್ಬಾಳದ ಕೆರೆಯ ತನಕ ನಡಿಗೆ ಶುರುವಾಯಿತು. ಮುಂದೆ ಇವಳು, ಭುಜದ ಮೇಲೆ ಕೈಯಿಟ್ಟುಕೊಂಡು ಹಿಂದೆ ದೊಡ್ಡಪ್ಪ, ಅವರ ಹಿಂದೆ ಆಫೀಸಿನಿಂದ ಬಂದ ನಾನು. ಕಾಲಿನದಷ್ಟೇ ಅಲ್ಲ, ಬಾಯಿಯ ಅಭ್ಯಾಸವೂ ನಡೆಯುತ್ತಿತ್ತು. ಹಂಪಿಯಲ್ಲಿ ಕಂಡದ್ದನ್ನೆಲ್ಲ ಗಂಡನಿಗೆ ಹೇಳಬೇಕಲ್ಲ!

"ಕೆರೆ ಹೇಗಿದೆಯೇ?" ಎಂದು ದೊಡ್ಡಪ್ಪ ಕೇಳುವರು.

"ತುಂಬಿದೆ. ನಿನ್ನೆ ಮಾಡಿದ್ನಲ್ಲ ಮಜ್ಜಿಗೆಹುಳಿ, ಆ ಬಣ್ಣ."

"ಹಕ್ಕಿ ಇದೆಯಾ?"

"ಇವೆ ಬೆಳ್ಳಗೆ. ಒಂದಂತೂ ನಿಮ್ಮ ಹೆಡ್‌ಮೇಷ್ಟ್ರ ಥರಾನೇ ಒಂಟಿಕಾಲಲ್ಲಿ ನಿಂತು ಗುರಾಯಿಸ್ತಿದೆ."

ಇಂಥ ಕಣ್ಣಿನಲ್ಲಿ ಹಂಪಿಯನ್ನು ನೋಡಿದರೆ ವಿಜಯನಗರದ ಗತಿಯೇನು ಎಂದು ನಾನು ಹಿಂದಿನಿಂದ ನಗುತ್ತಿದ್ದೆ. ದೊಡ್ಡಪ್ಪ ಮಾತ್ರ ಎಲ್ಲಕ್ಕೂ ಹೂಂಗುಡುತ್ತಿದ್ದರು.

ಡಿಸೆಂಬರು ಬಂತು, ರೈಲಿನ ಟಿಕೆಟ್ಟು ಬಂತು. ಆಗಲೇ ದೊಡ್ಡಮ್ಮನಿಗೆ ಉತ್ಸಾಹ ಮಿತಿಮೀರಿತು. ಒಂದು ಭಾನುವಾರ ಹೆಬ್ಬಾಳವನ್ನೂ ದಾಟಿಸಿ, ಜಕ್ಕೂರಿನಲ್ಲಿ ವಿಮಾನ ಇಳಿಯುವುದನ್ನು ಗಂಡನಿಗೆ ತೋರಿಸಿಯೇ ಬರುತ್ತೇನೆಂದು ನಡೆಸಿಕೊಂಡು ಹೋದಳು. ವಿಮಾನವೇನೋ ಇಳಿಯಿತು. ಮಾರನೆಯ ಬೆಳಿಗ್ಗೆ ಹಾಸಿಗೆಯಿಂದ ಇವಳು ಇಳಿಯಲಿಲ್ಲ. ನರಸಿಂಹನನ್ನೂ ಕರೆಯಲಿಲ್ಲ. ಹಿಮ್ಮಡಿ ಊದಿಕೊಂಡಿತ್ತು.

ದೊಡ್ಡಪ್ಪ ತಡವರಿಸಿಕೊಂಡು ಬಂದು ಮಂಚದ ತುದಿಯಲ್ಲಿ ಕೂತರು. "ಹೋಗ್ಲಿ ಬಿಡೇ. ಹಂಪಿ ಇಷ್ಟು ವರ್ಷ ಕಾದಿದೆ. ಇನ್ನೊಂದು ವರ್ಷ ಕಾಯಲ್ವಾ?"

"ಹಂಪಿ ಕಾಯುತ್ತೆ ಕಣ್ರೀ" ಎಂದಳು ದೊಡ್ಡಮ್ಮ. "ನಿಮ್ಮ ಕಣ್ಣು ಕಾಯ್ಬೇಕಲ್ಲ!"

ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಗೋಡೆಯ ಕಡೆ ತಿರುಗಿಕೊಂಡು, ಸದ್ದಿಲ್ಲದೆ. 

ಸುದ್ದಿ ಕೇಳಿ ಪಕ್ಕದ ಮನೆಯ ಜಮೀಲಾಬಿ ಬಂದರು. ಅವರ ಯಜಮಾನರಿಗೂ ಹಿಂದೆ ಇದೇ ನೋವು ಬಂದು ಹೋಗಿತ್ತಂತೆ. ಕೈಯಲ್ಲಿ ಒಂದು ಗೋಲಿಸೋಡಾ ಬಾಟಲಿ. ಅದನ್ನು ತಣ್ಣೀರಲ್ಲಿ ಮುಳುಗಿಸಿಟ್ಟು, ಆಮೇಲೆ ಕುರ್ಚಿಯಲ್ಲಿ ಕೂತು ಅಂಗಾಲಿನ ಕೆಳಗೆ ಹಿಂದೆ ಮುಂದೆ ಉರುಳಿಸಬೇಕು, ಅಷ್ಟೇ. "ತೊಳ್ದೇ ತಂದೀನಿ ಅಕ್ಕಾ. ನೀವು ಇನ್ನೊಂದ್ ದಫಾ ತೊಳ್ಕೊಳ್ಳೀ, ನಂಗೇನೂ ಬೇಜಾರಿಲ್ಲ" ಎಂದರು. ದೊಡ್ಡಮ್ಮ ಬಾಟಲಿಯನ್ನು ಕೈಗೆ ತೆಗೆದುಕೊಂಡು, ಅವರ ಮುಖವನ್ನೊಮ್ಮೆ ನೋಡಿ, ತೊಳೆಯದೆಯೇ ಕಾಲ ಕೆಳಗೆ ಇಟ್ಟುಕೊಂಡಳು. ದೊಡ್ಡಪ್ಪ ನಂಬಲಾರದೆ, "ತೊಳೆದ್ಲಾ?" ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. "ಹಂಗಾದ್ರೆ ನೋವು ಬಹಳ ಇದೆ" ಎಂದರು.

ಅಂದಿನಿಂದ ಅಡುಗೆ ನನ್ನದು. ಅವಳು ನಡುಮನೆಯಲ್ಲಿ ಕೂತು ಬಾಟಲಿ ಉರುಳಿಸುವುದು, ಒಳಗಿನ ಗೋಲಿ ಟಿಣ್ ಟಿಣ್ ಎನ್ನುವುದು. ನನ್ನ ಅಡುಗೆಯ ವಾಸನೆಗೆ ಅವಳು ಚಡಪಡಿಸಿ ಏಳಲು ಹೋದರೆ ಸದ್ದು ನಿಲ್ಲುತ್ತಿತ್ತು. ಕೂಡಲೇ ರೂಮಿನಿಂದ ದೊಡ್ಡಪ್ಪನ ದನಿ: "ಯಾಕೆ ನಿಂತೋಯ್ತು?" ಮತ್ತೆ ಟಿಣ್ ಟಿಣ್. ಹೊರಡುವ ಹಿಂದಿನ ದಿನ ಅವಳು ಎದ್ದು ನಡೆದಳು. ಕುಂಟಿಕೊಂಡೇ, ಆದರೆ ನಡೆದಳು. ಬಟ್ಟೆಯ ಚೀಲ ಒಂದಾದರೆ ಚಪ್ಪಲಿಯ ಚೀಲ ಒಂದು. ಹೀಗೆ ನಾವು ಮೂವರೂ ಹೊಸಪೇಟೆಗೆ ರೈಲು ಹತ್ತಿದೆವು.

ಹಂಪಿಯಲ್ಲಿ ದೊಡ್ಡಮ್ಮ ಗೈಡನ್ನು ಹತ್ತಿರ ಸೇರಿಸಲಿಲ್ಲ. ಗಂಡನಿಗೆ ಒಂದು ಕೊಳವೆಯಷ್ಟು ಮಾತ್ರ ಕಾಣುತ್ತದಲ್ಲ, ಅವರ ಗದ್ದ ಹಿಡಿದು, ಮನೆಯ ಮೇಲಿನ ಟೀವಿ ಆಂಟೆನಾ ತಿರುಗಿಸಿದ ಹಾಗೆ ಮುಖವನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ ತಿರುಗಿಸುವಳು. "ಹಾಂ, ಇಲ್ಲೇ ನೋಡಿ. ಬಂತಾ? ಗೋಪುರ ಬಂತಾ?" "ಬಂತು ಬಂತು." "ಸ್ವಲ್ಪ ಮೇಲೆ. ಕಳಶ ಬಂತಾ?" ಸುತ್ತಲಿದ್ದ ಕಾಲೇಜು ಹುಡುಗರು ಕಿಸಕ್ಕೆಂದರು. ಇವರಿಬ್ಬರಿಗೂ ಅದರ ಪರಿವೆಯೇ ಇರಲಿಲ್ಲ. ಕಂಬದ ಮೇಲಿನ ಕೆತ್ತನೆಗಳನ್ನು ಅವಳು, "ಇವಳು ತಲೆ ಬಾಚ್ಕೋತಿದಾಳೆ, ಇವಳು ಕಾಲಿಗೆ ಚುಚ್ಚಿದ ಮುಳ್ಳು ತೆಗೀತಿದಾಳೆ, ಪಾಪ" ಎಂದು ಹೇಳುವಳು. ಅವರು ಬೆರಳಾಡಿಸಿ ನೋಡಿ, ಅದು ಯಾರ ಕಾಲದ್ದು, ಯಾಕೆ ಕೆತ್ತಿಸಿದರು ಎಂದು ಪಾಠ ಹೇಳುವರು. ಅಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಅವರು ಹೇಳಿದ ಮೊದಲ ಪಾಠ ಅದೇ ಇರಬೇಕು. ಅವಳು ಸೆರಗು ಸರಿಮಾಡಿಕೊಂಡು ವಿದ್ಯಾರ್ಥಿನಿಯ ಹಾಗೆ ಕೇಳುತ್ತಿದ್ದಳು.

ಎರಡನೆಯ ದಿನ ಸಂಜೆ ಮಹಾನವಮಿ ದಿಬ್ಬ. ಅರಸರು ಮೇಲೆ ಕೂತು ನವರಾತ್ರಿಯ ಉತ್ಸವ ನೋಡುತ್ತಿದ್ದ ಜಾಗ. ದೊಡ್ಡಪ್ಪನ ಪಾಠಗಳಲ್ಲೆಲ್ಲ ಮುಖ್ಯ ಪಾಠ. ಮೆಟ್ಟಿಲುಗಳೋ ಬಲು ಕಡಿದು. ಅಷ್ಟು ಹೊತ್ತಿಗೆ ದೊಡ್ಡಮ್ಮ ಹಿಮ್ಮಡಿ ಊರುವುದನ್ನೇ ಬಿಟ್ಟು ಬೆರಳ ತುದಿಯಲ್ಲಿ ನಡೆಯುತ್ತಿದ್ದಳು. "ನೀವಿಬ್ರೂ ಇಲ್ಲೇ ಇರಿ, ನಾನು ಹತ್ತಿ ನೋಡಿ ಬಂದು ಹೇಳ್ತೀನಿ" ಎಂದೆ. "ನೀನು ಹೇಳಿದ್ರೆ ಅವರು ನೋಡಿದ ಹಾಗಾಗುತ್ತೇನೇ?" ಎಂದು ನನ್ನನ್ನು ಪಕ್ಕಕ್ಕೆ ಸರಿಸಿ, ಗಂಡನ ಕೈಯೆತ್ತಿ ತನ್ನ ಭುಜದ ಮೇಲಿಟ್ಟುಕೊಂಡಳು. ಒಂದೊಂದೇ ಮೆಟ್ಟಿಲು ಹತ್ತಿದರು. ಮೇಲೆ ದೊಡ್ಡಪ್ಪ ಗಾಳಿಗೆ ಎದುರಾಗಿ ನಿಂತರು. ಅವಳು ಗದ್ದ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಿಸಿದಳು. ಮಾತಾಡಲಿಲ್ಲ. ಅವರೂ ಪಾಠ ಹೇಳಲಿಲ್ಲ. ಸೂರ್ಯ ಬಂಡೆಗಳ ಹಿಂದೆ ಇಳಿಯುವ ತನಕ ಹಾಗೇ ನೋಡಿದರು.

ಇಳಿಯುವಾಗ ಅರ್ಧಕ್ಕೇ ದೊಡ್ಡಮ್ಮ ಕುಸಿದು ಕೂತಳು. ತುಟಿ ಕಚ್ಚಿಕೊಂಡಿದ್ದಳು, ಹಣೆಯೆಲ್ಲ ಬೆವರು. ದೊಡ್ಡಪ್ಪ ಒಂದು ಮೆಟ್ಟಿಲು ಕೆಳಗಿಳಿದು, ಕೈಯಿಂದ ತಡವಿ ಅವಳ ಎದುರಿಗೆ ಕೂತರು. ಮತ್ತೆ ತಡವಿ ಅವಳ ಪಾದ ಹುಡುಕಿದರು. ಎತ್ತಿ ತಮ್ಮ ಮಡಿಲಿನಲ್ಲಿ ಇಟ್ಟುಕೊಂಡು ಹೆಬ್ಬೆರಳಿನಿಂದ ಹಿಮ್ಮಡಿಯನ್ನು ಮೆಲ್ಲಗೆ ಒತ್ತತೊಡಗಿದರು.

ದೊಡ್ಡಮ್ಮ ಬೆಚ್ಚಿಬಿದ್ದಳು. "ಅಯ್ಯೋ, ಏನ್ರೀ ಇದು! ಬಿಡಿ! ನೀವು ನನ್ನ ಕಾಲು ಹಿಡಿದ್ರೆ ನನಗೆ ಪಾಪ ಬರುತ್ತೆ!"

"ಬಂದ್ರೆ ಅರ್ಧ ನನಗಿರ್ಲಿ. ಇಲ್ಲೇನಾ ನೋವು? ಇನ್ನೂ ಕೆಳಗಾ?"

"ಅಷ್ಟು ಜನ ಮೇಲಿಂದ ಇಳೀತಿದಾರೆ, ಎಲ್ರೂ ನೋಡ್ತಾರೆ ಕಣ್ರೀ!"

"ನೋಡ್ಲಿ ಬಿಡೇ" ಎಂದರು ದೊಡ್ಡಪ್ಪ. ಅವರ ಮುಖ ನೇರವಾಗಿ ಅವಳ ಕಡೆಗಿತ್ತು. "ನನಗೆ ಅವರ್ಯಾರೂ ಕಾಣ್ತಿಲ್ಲ. ನೀನೊಬ್ಳೇ ಕಾಣ್ತಿದೀಯ."

ದೊಡ್ಡಮ್ಮ ಕಾಲು ಎಳೆದುಕೊಳ್ಳಲಿಲ್ಲ.